ಒಂದೂ ಸ್ಟ್ಯಾನ್ಲಿ ಕಪ್ ಗೆಲ್ಲದ ಜರೋಮ್ ಇಗಿನ್ಲಾ ದೊಡ್ಡ ಆಟಗಾರ ಹೌದೋ ಅಲ್ಲವೋ?

ಹಿಮದೂರು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಕ್ರಿಕೆಟ್ ಮಾತೇ ಜಾಸ್ತಿ, ಇವತ್ತು ಬೇರೆ ಆಟದ ವಿಷಯ ಎತ್ತುತ್ತಿದ್ದೇನೆ. ಐಸ್ ಹಾಕಿ. ನಾನು ಇರುವುದು ಕೆನಡಾದ ಕ್ಯಾಲ್ಗರಿಯಲ್ಲಿ. ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಜೋರು ವಾದ ಆಯಿತು. ಹೊಸದಾಗಿ ಸೇರಿದ ಹುಡುಗನೊಬ್ಬ, "ಇಗಿನ್ಲಾ ಒಂದು ಸಲವೂ ಕಪ್ ಗೆದ್ದಿಲ್ಲ, ಅವನನ್ನು ಯಾಕೆ ಇಷ್ಟು ತಲೆ ಮೇಲೆ ಹೊತ್ತುಕೊಂಡು ಓಡಾಡುತ್ತೀರಿ" ಅಂದ. ಅಲ್ಲಿ ನನಗೆ ಸರಿಯಾಗಿ ಉತ್ತರ ಹೇಳೋಕೆ ಆಗಲಿಲ್ಲ. ಮನೆಗೆ ಬಂದರೂ ತಲೆಯಲ್ಲಿ ಅದೇ. ಮನಸ್ಸಿನಲ್ಲಿ ಇರುವುದು ಕನ್ನಡದಲ್ಲೇ ಸರಿಯಾಗಿ ಹೊರಗೆ ಬರುತ್ತದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಜರೋಮ್ ಇಗಿನ್ಲಾ ರೈಟ್ ವಿಂಗರ್, ಅಂದರೆ ಬಲ ಅಂಚಿನಲ್ಲಿ ಆಡುವ ಫಾರ್ವರ್ಡ್. ಹುಟ್ಟಿದ್ದು 1977ರ ಜುಲೈ 1, ಎಡ್ಮಂಟನ್‌ನಲ್ಲಿ. ಎನ್‌ಎಚ್‌ಎಲ್‌ನಲ್ಲಿ, ಅಂದರೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್‌ನಲ್ಲಿ, 1,554 ಪಂದ್ಯ ಆಡಿ 625 ಗೋಲು ಹೊಡೆದ, 675 ಅಸಿಸ್ಟ್ (ಬೇರೆಯವರ ಗೋಲಿಗೆ ದಾರಿ ಮಾಡಿದ ಪಾಸ್) ಕೊಟ್ಟ. ಎರಡೂ ಕೂಡಿಸಿದರೆ ಸರಿಯಾಗಿ 1,300 ಪಾಯಿಂಟ್. ಅದರಲ್ಲಿ 525 ಗೋಲು ನಮ್ಮ ಕ್ಯಾಲ್ಗರಿ ಫ್ಲೇಮ್ಸ್‌ಗೆ. ಎರಡು ಒಲಿಂಪಿಕ್ ಚಿನ್ನ ಇದೆ, 2002 ಮತ್ತು 2010. 2018ರ ಜುಲೈ 30ಕ್ಕೆ ಆಟ ಬಿಟ್ಟ. 2020ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಮೊದಲ ಸಲವೇ ಆರಿಸಿದರು. ಇಲ್ಲದಿರುವುದು ಒಂದೇ, ಆ ಲೀಗ್ ಗೆದ್ದ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್.

ನನ್ನ ಮಾತು ಇಷ್ಟು. ವಿಂಗರ್‌ನನ್ನು ಕಪ್ ಲೆಕ್ಕದಲ್ಲಿ ಅಳೆಯಬಾರದು. ಪಕ್ಕದಲ್ಲಿ ಆಡುವವನಿಗೆ ಏನು ಮಾಡಿಕೊಟ್ಟ, ತಂಡ ಸೋಲುತ್ತಿದ್ದಾಗ ಏನು ಮಾಡಿದ, ಅದನ್ನು ನೋಡಬೇಕು. ನೀವೇನಂತೀರಿ?

ತುಂಗಾತೀರ:

ಸರ್, ನಾನು ಶಿವಮೊಗ್ಗದಲ್ಲಿ ಕೂತು ರಾತ್ರಿ ಎಲ್ಲಾ ಎನ್‌ಎಚ್‌ಎಲ್ ನೋಡುವವನು, ಹಾಗಾಗಿ ಸ್ವಲ್ಪ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಹುಡುಗ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. 1995ರ ಡಿಸೆಂಬರ್‌ನಲ್ಲಿ ಡಲ್ಲಾಸ್ ಸ್ಟಾರ್ಸ್‌ನವರು ಇಗಿನ್ಲಾನನ್ನು, ಜೊತೆಗೆ ಕೋರಿ ಮಿಲನ್‌ನನ್ನು, ಕ್ಯಾಲ್ಗರಿಗೆ ಕೊಟ್ಟು ಜೋ ನ್ಯೂವೆಂಡೈಕ್‌ನನ್ನು ಕರೆದುಕೊಂಡರು. ನ್ಯೂವೆಂಡೈಕ್ 1999ರಲ್ಲಿ ಡಲ್ಲಾಸ್‌ಗೆ ಕಪ್ ಗೆದ್ದುಕೊಟ್ಟ, ಆ ಪ್ಲೇಆಫ್‌ನ ಶ್ರೇಷ್ಠ ಆಟಗಾರನೂ ಅವನೇ. ಕಪ್‌ಗೋಸ್ಕರ ಅಲ್ವಾ ಎಲ್ಲರೂ ಆಡುವುದು? ಆ ಲೆಕ್ಕದಲ್ಲಿ ಡಲ್ಲಾಸ್ ಗೆದ್ದಿತು ಅಂತಲೇ ನನಗೆ ಅನ್ನಿಸುತ್ತದೆ.

ಕಕ್ಕಬ್ಬೆ_ಸ್ಟಿಕ್:

ನಾನು ಕೊಡಗಿನವಳು. ಹುಲ್ಲಿನ ಮೇಲೆ, ಆಮೇಲೆ ಟರ್ಫ್ ಮೇಲೆ ಹಾಕಿ ಆಡಿದ್ದೇನೆ, ರೈಟ್ ಔಟ್ ಜಾಗದಲ್ಲಿ. ಐಸ್ ಹಾಕಿ ಗೊತ್ತಿಲ್ಲ. ನಮ್ಮಲ್ಲಿ ಆ ಜಾಗದವರ ಕೆಲಸ ಅಂಚಿನಲ್ಲಿ ಓಡಿ ಬಾಲನ್ನು ಒಳಗೆ ಹಾಕುವುದು. ಅಲ್ಲೂ ಹಾಗೇನಾ ಅಣ್ಣ?

ಹಿಮದೂರು:

@ಕಕ್ಕಬ್ಬೆ_ಸ್ಟಿಕ್, ಒಳ್ಳೆ ಪ್ರಶ್ನೆ ತಂಗಿ. ಮೂಲ ಅದೇ, ಆದರೆ ದೊಡ್ಡ ವ್ಯತ್ಯಾಸ ಒಂದಿದೆ. ಐಸ್ ರಿಂಕ್‌ಗೆ ಅಂಚಿನ ಗೆರೆ ಇಲ್ಲ, ಗೋಡೆ ಇದೆ. 200 ಅಡಿ ಉದ್ದ, 85 ಅಡಿ ಅಗಲ, ಸುತ್ತಲೂ ಹಲಗೆ, ಮೇಲೆ ಗಾಜು. ಪಕ್ (ಬಾಲಿನ ಬದಲು ಇರುವ ರಬ್ಬರ್ ಬಿಲ್ಲೆ) ಸಾಮಾನ್ಯವಾಗಿ ಹೊರಗೆ ಹೋಗುವುದಿಲ್ಲ, ಹಲಗೆಗೆ ಬಡಿದು ವಾಪಸ್ ಬರುತ್ತದೆ. ಆ ಹಲಗೆ ಪಕ್ಕದಲ್ಲಿ ಪಕ್‌ಗೋಸ್ಕರ ನಡೆಯುವ ಗುದ್ದಾಟ ಇದೆಯಲ್ಲ, ಅದು ವಿಂಗರ್‌ನ ಅನ್ನ. ಒಬ್ಬ ಡಿಫೆನ್ಸ್‌ನವನು ಬೆನ್ನ ಮೇಲೆ ಬಿದ್ದಿರುತ್ತಾನೆ, ಇನ್ನೊಬ್ಬ ಸ್ಟಿಕ್ಕಿಗೆ ಹೊಡೆಯುತ್ತಿರುತ್ತಾನೆ, ಅಷ್ಟರಲ್ಲಿ ಕಾಲ ಹತ್ತಿರದ ಪಕ್ಕನ್ನು ಮಧ್ಯಕ್ಕೆ ಬಿಡಿಸಿಕೊಡಬೇಕು. ಟಿವಿಯಲ್ಲಿ ನೋಡಿದರೆ ಏನೂ ಕಾಣಿಸುವುದಿಲ್ಲ, ಸುಮ್ನೆ ಒಂದಷ್ಟು ಬೆನ್ನು, ಒಂದಷ್ಟು ಮೊಣಕೈ. ಗೋಲು ಹುಟ್ಟುವುದು ಮಾತ್ರ ಅಲ್ಲಿಂದಲೇ.

ಇಗಿನ್ಲಾಗೆ ಇನ್ನೊಂದು ವಿದ್ಯೆ ಇತ್ತು. ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿಯ ಒಬ್ಬ ಶಿಕ್ಷೆಗೆ ಹೊರಗೆ ಕೂತಿರುವಾಗ, ಅವನು ಎಡಗಡೆಯ ವೃತ್ತದಲ್ಲಿ ನಿಲ್ಲುತ್ತಿದ್ದ. ಅವನದು ಬಲಗಡೆಯ ಶಾಟ್, ಹಾಗಾಗಿ ಆ ಕಡೆ ನಿಂತರೆ ಅಡ್ಡ ಬಂದ ಪಾಸ್ ಅನ್ನು ನಿಲ್ಲಿಸದೇ ಹಾಗೇ ಬಾರಿಸಬಹುದು. ಅವನು ಎಲ್ಲಿ ನಿಲ್ಲುತ್ತಾನೆ ಅಂತ ಎದುರಾಳಿಗೂ ಗೊತ್ತು, ಅವರ ಗೋಲಿ ಅಂದರೆ ಗೋಲ್ ಕೀಪರ್‌ಗೂ ಗೊತ್ತು. ಆದರೂ ತಡೆಯೋಕೆ ಆಗುತ್ತಿರಲಿಲ್ಲ.

@ತುಂಗಾತೀರ, ಬೇಜಾರೇನೂ ಇಲ್ಲ. ನಿಮಗೆ ಉತ್ತರ ಉದ್ದ ಇದೆ, ರಾತ್ರಿ ಊಟ ಮುಗಿಸಿ ಬರೆಯುತ್ತೇನೆ.

ಎಡ್ಮಂಟನ್_ಮನೆ:

ನಾನು ಎಡ್ಮಂಟನ್ ಆಯಿಲರ್ಸ್ ತಂಡದ ಕಡೆಯವನು. ನಮಗೂ ಕ್ಯಾಲ್ಗರಿಗೂ ಎಣ್ಣೆ ಸೀಗೆಕಾಯಿ. ಆದರೂ ಇಗಿನ್ಲಾ ವಿಷಯ ಬಂದರೆ ನಾವು ಸುಮ್ಮನಾಗುತ್ತೇವೆ, ಯಾಕೆಂದರೆ ಅವನು ನಮ್ಮೂರ ಹುಡುಗ. ಬೆಳೆದಿದ್ದು ಇಲ್ಲೇ ಪಕ್ಕದ ಸೇಂಟ್ ಆಲ್ಬರ್ಟ್‌ನಲ್ಲಿ. ಅಪ್ಪ ನೈಜೀರಿಯಾದವರು, ತಾಯಿ ಅಮೆರಿಕದವರು. ಅವನು ತೀರಾ ಚಿಕ್ಕವನಿದ್ದಾಗಲೇ ಅಪ್ಪ ಅಮ್ಮ ಬೇರೆಯಾದರು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದರು, ಹಾಗಾಗಿ ರಿಂಕ್‌ಗೆ ಕರೆದುಕೊಂಡು ಹೋಗುವುದರಲ್ಲಿ ಅಜ್ಜ ಅಜ್ಜಿಯ ಪಾಲು ದೊಡ್ಡದು. ಇಲ್ಲಿ ಚಳಿಗಾಲದಲ್ಲಿ ಬೆಳಿಗ್ಗೆ ಐದೂವರೆಗೆ ಮೈನಸ್ ಮೂವತ್ತರಲ್ಲಿ ಮಗುವನ್ನು ಎಬ್ಬಿಸಿ ಪ್ರಾಕ್ಟೀಸ್‌ಗೆ ಕರೆದೊಯ್ಯುವುದು ಅಂದರೆ ಏನು ಅಂತ ನನಗೆ ಈಗ ಗೊತ್ತು, ನನ್ನ ಮಗನೂ ಆಡುತ್ತಾನೆ. ಕಾರಿನ ಗಾಜಿನ ಮೇಲಿನ ಹಿಮ ಕೆರೆಯುವಾಗ ಬೆರಳು ಮರಗಟ್ಟಿಹೋಗುತ್ತದೆ.

ಮೊದಲ ಎರಡು ವರ್ಷ ಅವನು ಗೋಲಿ ಆಗಿದ್ದನಂತೆ. ಆಶ್ಚರ್ಯ ಏನಿಲ್ಲ, ಆಗ ಎಡ್ಮಂಟನ್‌ನಲ್ಲಿ ಗ್ರಾಂಟ್ ಫ್ಯೂರ್ ಗೋಲಿ. ಐದು ಕಪ್ ಗೆದ್ದ ಕಪ್ಪು ಆಟಗಾರ.

ಓದುಗಿ_ಮೈಸೂರು:

ಇಗಿನ್ಲಾ ಅನ್ನೋ ಹೆಸರು ಯೊರುಬಾ ಭಾಷೆಯದು ಅಲ್ವಾ? ಅರ್ಥ "ದೊಡ್ಡ ಮರ" ಅಂತ ಎಲ್ಲೋ ಓದಿದ ನೆನಪು.

ಹಿಮದೂರು:

ಹೌದು ಮೇಡಂ, ದೊಡ್ಡ ಮರ. ಪೂರ್ತಿ ಹೆಸರು ಕೇಳಿ: ಜರೋಮ್ ಆರ್ಥರ್-ಲೀ ಅಡೆಕುನ್ಲೆ ಟಿಗ್ ಜೂನಿಯರ್ ಎಲ್ವಿಸ್ ಇಗಿನ್ಲಾ. ಎಲ್ವಿಸ್ ಅನ್ನೋದು ಅವನ ಅಪ್ಪನ ಹೆಸರು.

ಆ ಕಾಲದ ಸೇಂಟ್ ಆಲ್ಬರ್ಟ್‌ನಲ್ಲಿ ಅವನ ತಂಡದಲ್ಲಿ ಕಪ್ಪು ಹುಡುಗ ಹೆಚ್ಚಾಗಿ ಅವನೊಬ್ಬನೇ. "ಎನ್‌ಎಚ್‌ಎಲ್‌ನಲ್ಲಿ ಕಪ್ಪು ಜನ ಎಲ್ಲಿದ್ದಾರೆ" ಅಂತ ಬೇರೆ ಹುಡುಗರು ಕೇಳಿದರೆ ಅವನ ಹತ್ತಿರ ಉತ್ತರ ತಯಾರಿತ್ತು: ಗ್ರಾಂಟ್ ಫ್ಯೂರ್ ಇದ್ದಾನೆ, ಟೋನಿ ಮೆಕೆಗ್ನಿ ಇದ್ದಾನೆ, ಕ್ಲಾಡ್ ವಿಲ್‌ಗ್ರೇನ್ ಇದ್ದಾನೆ. ಇದನ್ನು ಅವನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಮೂರು ಹೆಸರು ಬಾಯಿಪಾಠ ಮಾಡಿಕೊಂಡು ಆ ಮಗು ಓಡಾಡುತ್ತಿತ್ತು ಅಂತ ನೆನೆಸಿಕೊಂಡರೆ ನನಗೆ ಗಂಟಲು ಕಟ್ಟುತ್ತದೆ. ಇವರಿಗೆಲ್ಲ ಮುಂಚೆ ವಿಲ್ಲಿ ಓ'ರೀ. 1958ರ ಜನವರಿ 18ರಂದು ಬಾಸ್ಟನ್‌ಗೆ ಆಡಿ ಎನ್‌ಎಚ್‌ಎಲ್‌ನ ಮೊದಲ ಕಪ್ಪು ಆಟಗಾರನಾದವರು. ಅವರೂ ವಿಂಗರ್, ಅದೂ ಒಂದು ಕಣ್ಣು ಕಾಣದೇ ಆಡಿದವರು.

2002ರ ಫೆಬ್ರವರಿ 24ರಂದು ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ ಫೈನಲ್‌ನಲ್ಲಿ ಕೆನಡಾ ಅಮೆರಿಕವನ್ನು 5-2ರಲ್ಲಿ ಸೋಲಿಸಿತು. ಅದರಲ್ಲಿ ಎರಡು ಗೋಲು ಇಗಿನ್ಲಾನದು. ಐವತ್ತು ವರ್ಷದ ಮೇಲೆ ಕೆನಡಾಕ್ಕೆ ಹಾಕಿಯಲ್ಲಿ ಚಿನ್ನ ಬಂತು, ಮತ್ತೆ ಚಳಿಗಾಲದ ಒಲಿಂಪಿಕ್‌ನಲ್ಲಿ ಚಿನ್ನ ಗೆದ್ದ ಮೊದಲ ಕಪ್ಪು ಗಂಡಸು ಅವನಾದ. ಕೆಲವೇ ದಿನ ಮುಂಚೆ ಬಾಬ್‌ಸ್ಲೆಡ್‌ನಲ್ಲಿ ವೊನೆಟ್ಟಾ ಫ್ಲವರ್ಸ್ ಗೆದ್ದಿದ್ದರು.

ಅದೇ ಊರಿನ ಇನ್ನೊಂದು ಕಥೆ ಕ್ಯಾಲ್ಗರಿಯಲ್ಲಿ ಎಲ್ಲರಿಗೂ ಗೊತ್ತು. ಊಟದ ಜಾಗದಲ್ಲಿ ಪಕ್ಕದ ಟೇಬಲ್‌ನಲ್ಲಿ ಕ್ಯಾಲ್ಗರಿಯಿಂದ ಬಂದ ನಾಲ್ಕು ಜನ ಅಭಿಮಾನಿಗಳು ಕೂತಿದ್ದರು. ಮಾತಿಗೆ ಮಾತು ಬಂದಾಗ, ರೂಮ್ ಇಲ್ಲ, ಕಾರಿನಲ್ಲೇ ಮಲಗುತ್ತಿದ್ದೇವೆ ಅಂದರು. ಇಗಿನ್ಲಾ ಎದ್ದು ಹೋಗಿ ತನ್ನ ಹೋಟೆಲ್‌ನಲ್ಲೇ ಅವರಿಗೆ ರೂಮ್ ಮಾಡಿಸಿ ಬಂದ, ದುಡ್ಡು ತಾನೇ ಕೊಟ್ಟ.

ವ್ಯಾಂಕೂವರ್_ಮಳೆ:

ಬ್ರಿಟಿಷ್ ಕೊಲಂಬಿಯಾ ಕಡೆಯಿಂದ ಒಂದು ಸೇರಿಸುತ್ತೇನೆ. ಎನ್‌ಎಚ್‌ಎಲ್ ಆಡಿದ ಮೊದಲ ಭಾರತೀಯ ಮೂಲದ ಆಟಗಾರ ರಾಬಿನ್ ಬಾವಾ ಕೂಡ ರೈಟ್ ವಿಂಗರ್. ವ್ಯಾಂಕೂವರ್ ದ್ವೀಪದ ಡಂಕನ್‌ನವರು, ಪಂಜಾಬಿ ಮನೆತನ. 1989-90ರಲ್ಲಿ ವಾಷಿಂಗ್ಟನ್‌ಗೆ ಮೊದಲು ಆಡಿದರು, ಆಮೇಲೆ ವ್ಯಾಂಕೂವರ್, ಸ್ಯಾನ್ ಹೋಸೆ, ಅನಹೈಮ್. ಒಟ್ಟು 61 ಪಂದ್ಯ. ಜೂನಿಯರ್ ಆಡಿದ್ದು ಕ್ಯಾಮ್‌ಲೂಪ್ಸ್ ಬ್ಲೇಜರ್ಸ್‌ಗೆ. ಇಗಿನ್ಲಾ ಆಡಿ 1994, 1995 ಎರಡೂ ವರ್ಷ ಜೂನಿಯರ್ ಹಾಕಿಯ ದೊಡ್ಡ ಕಪ್ ಆದ ಮೆಮೋರಿಯಲ್ ಕಪ್ ಗೆದ್ದಿದ್ದು ಅದೇ ತಂಡಕ್ಕೆ! ನಮ್ಮ ಕಡೆಯ ಮಕ್ಕಳು ರಿಂಕ್‌ಗೆ ಹೋಗುವಾಗ ಈ ಹೆಸರು ತಿಳಿದಿರಲಿ.

ತುಂಗಾತೀರ:

ಬಾವಾ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೆ ಹಿಮದೂರು ಸರ್, ನನ್ನ ಪ್ರಶ್ನೆ ಹಾಗೇ ಇದೆ. ಒಳ್ಳೆ ಮನುಷ್ಯ, ಒಪ್ಪಿದೆ. ಕಪ್ ಯಾಕೆ ಬರಲಿಲ್ಲ?

ಹಿಮದೂರು:

ಬರೆಯುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಅವನು ಬಂದಾಗ ಕ್ಯಾಲ್ಗರಿ ಇಳಿಮುಖದಲ್ಲಿತ್ತು. 1996ರ ಪ್ಲೇಆಫ್‌ನಲ್ಲಿ ಕ್ಯಾಮ್‌ಲೂಪ್ಸ್ ಆಟ ಮುಗಿಸಿಕೊಂಡು ನೇರ ಬಂದು ಶಿಕಾಗೋ ಎದುರು ಎರಡು ಪಂದ್ಯ ಆಡಿದ. ಮೊದಲನೆಯದರಲ್ಲಿ ಅಸಿಸ್ಟ್, ಎರಡನೆಯದರಲ್ಲಿ ಗೋಲು. ವಯಸ್ಸು ಹದಿನೆಂಟು. ಅದಾದ ಮೇಲೆ ಏಳು ಸೀಸನ್ ತಂಡ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. ಅಂಥ ತಂಡದಲ್ಲಿ ಇದ್ದುಕೊಂಡು 2001-02ರಲ್ಲಿ 52 ಗೋಲು, 96 ಪಾಯಿಂಟ್. ಆ ವರ್ಷ ಇಡೀ ಲೀಗ್‌ನಲ್ಲಿ ಐವತ್ತು ದಾಟಿದವನು ಅವನೊಬ್ಬನೇ. ತಂಡಕ್ಕೆ ಅತಿ ಮುಖ್ಯನಾದ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಗೆ ಮತ ಎಣಿಸಿದರೆ ಮಾಂಟ್ರಿಯಲ್ ಗೋಲಿ ಜೋಸೆ ಥಿಯೋಡೋರ್ ಜೊತೆ ಅಂಕ ಸಮ ಸಮ. ಮೊದಲ ಸ್ಥಾನದ ಮತ ಥಿಯೋಡೋರ್‌ಗೆ ಜಾಸ್ತಿ ಇದ್ದವು, ಅವನಿಗೆ ಹೋಯಿತು. ನನಗೆ ಈಗಲೂ ಅದು ಸರಿ ಅನ್ನಿಸಿಲ್ಲ.

2003ರಲ್ಲಿ ಕ್ಯಾಪ್ಟನ್ ಆದ. ಡ್ಯಾರಿಲ್ ಸಟರ್ ಕೋಚ್, ಗೋಲಿಯಾಗಿ ಮೀಕಾ ಕಿಪ್ರುಸಾಫ್ ಬಂದ. 2004ರ ಪ್ಲೇಆಫ್‌ನಲ್ಲಿ ವ್ಯಾಂಕೂವರ್, ಡೆಟ್ರಾಯಿಟ್, ಸ್ಯಾನ್ ಹೋಸೆ, ಮೂರನ್ನೂ ಒಂದಾದ ಮೇಲೆ ಒಂದು ಸೋಲಿಸಿ ಫೈನಲ್‌ಗೆ ಹೋದರು. ಎದುರಾಳಿ ಟ್ಯಾಂಪಾ ಬೇ, ಏಳರಲ್ಲಿ ನಾಲ್ಕು ಪಂದ್ಯ ಗೆದ್ದವರಿಗೆ ಕಪ್. ಮೂರನೇ ಪಂದ್ಯದಲ್ಲಿ ಟ್ಯಾಂಪಾದ ದೊಡ್ಡ ಸ್ಟಾರ್ ವಿನ್ಸೆಂಟ್ ಲೆಕವಲಿಯೆ ಜೊತೆ ಗ್ಲೌಸ್ ಬಿಸಾಕಿ ಹೊಡೆದಾಡಿದ, ಅದೇ ಪಂದ್ಯದಲ್ಲಿ ಗೋಲೂ ಹೊಡೆದ, ಅಸಿಸ್ಟೂ ಕೊಟ್ಟ. ಗೋಲು, ಅಸಿಸ್ಟ್, ಹೊಡೆದಾಟ ಮೂರೂ ಒಂದೇ ಪಂದ್ಯದಲ್ಲಾದರೆ ಇಲ್ಲಿ ಗಾರ್ಡಿ ಹೋವ್ ಹ್ಯಾಟ್ರಿಕ್ ಅನ್ನುತ್ತಾರೆ. ಫೈನಲ್‌ನಲ್ಲಿ ಕ್ಯಾಪ್ಟನ್ನೇ ಅದನ್ನು ಮಾಡಿದ.

ಈಗ ಐದನೇ ಪಂದ್ಯ. ಜೂನ್ 3, ಟ್ಯಾಂಪಾದಲ್ಲಿ, 2-2, ಓವರ್‌ಟೈಮ್. ಸಾಮಾನ್ಯವಾಗಿ ಫಾರ್ವರ್ಡ್ ಒಬ್ಬ ಒಂದು ಸಲ ಐಸ್‌ಗೆ ಇಳಿದರೆ ಮುಕ್ಕಾಲು ನಿಮಿಷ ಆಡಿ ಬೆಂಚಿಗೆ ಹೋಗುತ್ತಾನೆ (ಇದಕ್ಕೆ ಶಿಫ್ಟ್ ಅನ್ನುತ್ತಾರೆ), ಅಷ್ಟರಲ್ಲೇ ತೊಡೆ ಉರಿಯಲು ಶುರು ಆಗುತ್ತದೆ. ಇಗಿನ್ಲಾ ಹತ್ತಿರ ಹತ್ತಿರ ಒಂದೂವರೆ ನಿಮಿಷ ಇಳಿಯಲೇ ಇಲ್ಲ. ತಲೆಯಿಂದ ಹೆಲ್ಮೆಟ್ ಹಾರಿಹೋಯಿತು. ಬರಿ ತಲೆಯಲ್ಲಿ, ಬೆವರಲ್ಲಿ ಕೂದಲು ತೊಯ್ದುಹೋಗಿ, ಮತ್ತೆ ಪಕ್ ಹಿಂದೆ ಹೋದ, ಮತ್ತೆ ಗೋಲಿನ ಕಡೆ ಬಂದ, ಶಾಟ್ ಹೊಡೆದ. ಟ್ಯಾಂಪಾ ಗೋಲಿ ಖಬಿಬುಲಿನ್ ತಡೆದ, ಪಕ್ ಪುಟಿದು ಮುಂದೆ ಬಿತ್ತು, ಅಲ್ಲಿದ್ದ ಒಲೆಗ್ ಸಪ್ರಿಕಿನ್ ಒಳಗೆ ತಳ್ಳಿದ. ಗೆಲುವು. ಇಲ್ಲಿಯವರು ಅದನ್ನು ಬರೀ "ದ ಶಿಫ್ಟ್" ಅನ್ನುತ್ತಾರೆ, ಯಾವ ಶಿಫ್ಟ್ ಅಂತ ಯಾರೂ ಕೇಳುವುದಿಲ್ಲ. ದಾಖಲೆಯಲ್ಲಿ ಗೋಲು ಸಪ್ರಿಕಿನ್‌ದು. ನೋಡಿದವರಿಗೆ ಅದು ಯಾರದು ಅಂತ ಗೊತ್ತು.

ಇನ್ನು ಒಂದೇ ಪಂದ್ಯ ಗೆಲ್ಲಬೇಕಿತ್ತು. ಆರನೆಯದು ಕ್ಯಾಲ್ಗರಿಯಲ್ಲೇ. ಮೂರನೇ ಪೀರಿಯಡ್‌ನಲ್ಲಿ 2-2 ಇದ್ದಾಗ ನಮ್ಮ ಮಾರ್ಟಿನ್ ಜೆಲಿನಾನ ಸ್ಕೇಟ್‌ಗೆ ತಾಗಿ ಪಕ್ ಗೋಲಿನ ಕಡೆ ಹೋಯಿತು, ಖಬಿಬುಲಿನ್ ಕಾಲಿಗೆ ಬಡಿಯಿತು. ಗೆರೆ ದಾಟಿತ್ತು ಅಂತ ಈ ಊರು ಇವತ್ತಿಗೂ ನಂಬುತ್ತದೆ. ಗೋಲು ಕೊಡಲಿಲ್ಲ. ಎರಡನೇ ಓವರ್‌ಟೈಮ್ ಶುರುವಾಗಿ ನಿಮಿಷ ಆಗುವಷ್ಟರಲ್ಲಿ ಟ್ಯಾಂಪಾದ ಮಾರ್ಟಿನ್ ಸೇಂಟ್ ಲೂಯಿ ಹೊಡೆದುಬಿಟ್ಟ. ಏಳನೆಯದು 2-1ರಲ್ಲಿ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಪ್ಲೇಆಫ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದವನು ಇಗಿನ್ಲಾ, 13.

ಮುಂದಿನ ಸೀಸನ್ ಲಾಕ್‌ಔಟ್‌ನಿಂದ ಪೂರ್ತಿ ರದ್ದಾಯಿತು. ಬಿಸಿ ಇದ್ದಾಗ ಬಡಿಯಬೇಕಾದ ಕಬ್ಬಿಣ ಒಂದು ವರ್ಷ ಮೂಲೆಯಲ್ಲಿ ತಣ್ಣಗೆ ಬಿದ್ದಿತ್ತು.

ಎಡ್ಮಂಟನ್_ಮನೆ:

ಆ ಜೆಲಿನಾ ಗೋಲು ನನ್ನ ಕಣ್ಣಿಗೂ ಒಳಗೆ ಹೋದ ಹಾಗೇ ಕಾಣುತ್ತದೆ. ಎಡ್ಮಂಟನ್‌ನವನಾಗಿ ಹೇಳುತ್ತಿದ್ದೇನೆ, ಬರೆದಿಟ್ಟುಕೊಳ್ಳಿ.

ತುಂಗಾತೀರ:

ಸರಿ ಸರ್, 2004 ಒಪ್ಪುತ್ತೇನೆ, ಅದು ಅವನ ತಪ್ಪಲ್ಲ. ಆದರೆ 2006ರಿಂದ 2009ರ ತನಕ ನಾಲ್ಕು ವರ್ಷ ಮೊದಲ ಸುತ್ತಲ್ಲೇ ಸೋಲು, ಆಮೇಲೆ ಪ್ಲೇಆಫೇ ಇಲ್ಲ. ಆಗಲೇ ಬೇರೆ ತಂಡಕ್ಕೆ ಹೋಗಬೇಕಿತ್ತು. 2013ರ ಮಾರ್ಚ್‌ನಲ್ಲಿ ಹೋದಾಗ ತಡ ಆಗಿತ್ತು. ಹೋಗಿದ್ದೂ ಪಿಟ್ಸ್‌ಬರ್ಗ್‌ಗೆ, ಬಾಸ್ಟನ್ ಬಿಟ್ಟು. ಅದೇ ಬಾಸ್ಟನ್ ಪಿಟ್ಸ್‌ಬರ್ಗ್ ಅನ್ನು ನಾಲ್ಕಕ್ಕೆ ನಾಲ್ಕು ಸೋಲಿಸಿ ಫೈನಲ್‌ಗೆ ಹೋಯಿತು. ನಾಲ್ಕು ಪಂದ್ಯ ಸೇರಿ ಪಿಟ್ಸ್‌ಬರ್ಗ್ ಹೊಡೆದಿದ್ದು ಎರಡು ಗೋಲು. ಮುಂದಿನ ವರ್ಷ ಬಾಸ್ಟನ್‌ಗೆ ಹೋಗಿ 30 ಗೋಲು ಹೊಡೆದ, ಮಾಂಟ್ರಿಯಲ್ ಎದುರು ಸೋತರು. ಕೊಲರಾಡೋ, ಕೊನೆಗೆ ಲಾಸ್ ಏಂಜಲಿಸ್. ಐದು ವರ್ಷ ಬೇಗ ಹೊರಟಿದ್ದರೆ ಕಪ್ ಖಂಡಿತ ಇರುತ್ತಿತ್ತು.

ಹಿಮದೂರು:

ಇರಬಹುದು. ಇಲ್ಲ ಅನ್ನುವುದಿಲ್ಲ. ಆದರೆ ಆ ಐದು ವರ್ಷ ಅವನು ಇಲ್ಲಿ ಏನು ಮಾಡಿದ ನೋಡಿ. 2007-08ರಲ್ಲಿ 50 ಗೋಲು, 98 ಪಾಯಿಂಟ್. 2000-01ರಿಂದ 2011-12ರ ತನಕ ಆಡಿದ ಹನ್ನೊಂದು ಸೀಸನ್‌ನಲ್ಲೂ ಒಂದು ಸಲವೂ ಮೂವತ್ತು ಗೋಲಿಗಿಂತ ಕೆಳಗೆ ಬರಲಿಲ್ಲ. ಹೊಡೆದ ಪ್ರತಿ ಗೋಲಿಗೂ ಮೊದಲು ಸಾವಿರ, ಆಮೇಲೆ ಎರಡು ಸಾವಿರ ಡಾಲರ್ ಲೆಕ್ಕದಲ್ಲಿ ಕಿಡ್‌ಸ್ಪೋರ್ಟ್ ಸಂಸ್ಥೆಗೆ ಕೊಟ್ಟ. ಇಲ್ಲಿ ಸ್ಕೇಟ್, ಪ್ಯಾಡ್, ರಿಂಕ್ ಫೀಸು ಎಲ್ಲ ಸೇರಿದರೆ ಸಾಮಾನ್ಯ ಮನೆಯವರಿಗೆ ಕಷ್ಟ. ಆ ದುಡ್ಡಲ್ಲಿ ಆಟಕ್ಕೆ ಇಳಿದ ಮಕ್ಕಳು ಈ ಊರಿನಲ್ಲಿ ಇದ್ದಾರೆ.

ಈಗ ನನ್ನ ಮನಸ್ಸಿನಲ್ಲಿ ಉಳಿದಿದ್ದನ್ನು ಹೇಳುತ್ತೇನೆ. ನಾನು ಇಲ್ಲಿಗೆ ಬಂದಿದ್ದು 2009ರ ನವೆಂಬರ್. ಮೊದಲ ಚಳಿಗಾಲ. ಸಂಜೆ ನಾಲ್ಕೂವರೆಗೆ ಕತ್ತಲು, ಮಾತಾಡಲು ಜನ ಇಲ್ಲ, ವಾಪಸ್ ಹೋಗೋಣ ಅಂತ ದಿನಾ ಅಂದುಕೊಳ್ಳುತ್ತಿದ್ದೆ. 2010ರ ಫೆಬ್ರವರಿ 28, ಭಾನುವಾರ ಮಧ್ಯಾಹ್ನ. ಪಕ್ಕದ ಮನೆಯ ಅಜ್ಜ ಬಾಗಿಲು ತಟ್ಟಿ, ಒಬ್ಬನೇ ಯಾಕೆ ಕೂತಿದ್ದೀಯ, ಬಾ ಮ್ಯಾಚ್ ನೋಡೋಣ ಅಂದರು. ವ್ಯಾಂಕೂವರ್ ಒಲಿಂಪಿಕ್ ಫೈನಲ್, ಕೆನಡಾ ಮತ್ತು ಅಮೆರಿಕ. ಕೆನಡಾ 2-1 ಮುಂದಿತ್ತು. ಇನ್ನು 24 ಸೆಕೆಂಡ್ ಇದೆ ಅನ್ನುವಾಗ ಅಮೆರಿಕದ ಜ್ಯಾಕ್ ಪರೀಸೆ ಸಮ ಮಾಡಿದ. ಅಜ್ಜ ಕೈಯಲ್ಲಿದ್ದ ಚಹಾ ಕಪ್ಪನ್ನು ಕೆಳಗಿಟ್ಟವರು ಮತ್ತೆ ಎತ್ತಲೇ ಇಲ್ಲ.

ಓವರ್‌ಟೈಮ್. ಏಳು ನಿಮಿಷ ದಾಟಿತ್ತು. ಪಕ್ ಮೂಲೆಯ ಹಲಗೆ ಹತ್ತಿರ ಇಗಿನ್ಲಾ ಬಳಿ ಇತ್ತು. ಅಮೆರಿಕದ ರಯಾನ್ ಸೂಟರ್ ಅವನನ್ನು ಒತ್ತಿ ಬೀಳಿಸುತ್ತಿದ್ದ. ಅವನ ಜೊತೆ ಆಟಗಾರ ಸಿಡ್ನಿ ಕ್ರಾಸ್ಬಿ "ಇಗ್ಗಿ!" ಅಂತ ಕೂಗಿದ. ಆ ಕೂಗು ಟಿವಿಯಲ್ಲೇ ಕೇಳುತ್ತದೆ. ಇಗಿನ್ಲಾ ಬೀಳುತ್ತಾ ಬೀಳುತ್ತಾ ಪಾಸ್ ಕೊಟ್ಟ. ಕ್ರಾಸ್ಬಿ ಹೊಡೆದ. ಮುಗಿಯಿತು. ಅಜ್ಜ ನನ್ನನ್ನು ಅಪ್ಪಿಕೊಂಡರು. ನನ್ನ ಹೆಸರು ಅವರಿಗೆ ಆ ದಿನದ ತನಕ ಸರಿಯಾಗಿ ಬರುತ್ತಿರಲಿಲ್ಲ. ಹೊರಗೆ ಇಡೀ ಬೀದಿ ಹಾರ್ನ್ ಹೊಡೆಯುತ್ತಿತ್ತು.

ಎಲ್ಲರೂ ನೆನಪಿಟ್ಟುಕೊಂಡಿರುವುದು ಕ್ರಾಸ್ಬಿಯ ಗೋಲು, ಅದು ಸರಿ. ಆದರೆ ನಾನು ಪ್ರತಿ ಸಲ ನೋಡುವಾಗ ಕಣ್ಣು ಹೋಗುವುದು ಹಲಗೆ ಪಕ್ಕಕ್ಕೆ. 2004ರಲ್ಲಿ ಸಪ್ರಿಕಿನ್‌ಗೆ, 2010ರಲ್ಲಿ ಕ್ರಾಸ್ಬಿಗೆ. ಅವನ ಎರಡು ಅತಿ ದೊಡ್ಡ ಗಳಿಗೆಯಲ್ಲೂ ಗೋಲು ಇನ್ನೊಬ್ಬನ ಹೆಸರಲ್ಲಿದೆ. ಆಫೀಸಿನ ಆ ಹುಡುಗನಿಗೆ ನಾನು ಹೇಳಬೇಕಿದ್ದದ್ದು ಇದು.

ಓದುಗಿ_ಮೈಸೂರು:

ಇದನ್ನು ಓದಿ ಆ ಓವರ್‌ಟೈಮ್ ಹುಡುಕಿ ನೋಡಿದೆ. ಕೂಗು ನಿಜವಾಗಿಯೂ ಕೇಳುತ್ತದೆ.

ಕಕ್ಕಬ್ಬೆ_ಸ್ಟಿಕ್:

ನಾನೂ ನೋಡಿದೆ ಅಣ್ಣ, ಆರೇಳು ಸಲ. ಆಡಿದವಳಾಗಿ ಒಂದು ಹೇಳುತ್ತೇನೆ. ಬೀಳುವಾಗ ಎಲ್ಲರೂ ಮಾಡುವುದು ಸ್ಟಿಕ್ ಬಿಟ್ಟು ಕೈ ಊರುವುದು. ಅದು ಮೈಗೆ ತಾನಾಗಿ ಬರುವ ಅಭ್ಯಾಸ, ಇಲ್ಲದಿದ್ದರೆ ಮುಖಕ್ಕೆ ಪೆಟ್ಟು. ಇವನು ಮೊದಲು ಪಾಸ್ ಮುಗಿಸಿದ, ಆಮೇಲೆ ಬಿದ್ದ. ನಮ್ಮ ಕೋಚ್ ಸರ್ ಇದಕ್ಕೇ ನಮ್ಮನ್ನು ಬೈಯುತ್ತಿದ್ದರು, ಬಾಲ್ ಕೊಟ್ಟು ಬೀಳು ಅಂತ. ನನಗೆ ಒಂದು ಸಲವೂ ಆಗಲಿಲ್ಲ.

ತುಂಗಾತೀರ:

ಸರ್, ಕಪ್ ವಿಷಯದಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಡಲ್ಲಾಸ್ ಗೆದ್ದಿತು ಅಂತ ಮೊದಲು ಹೇಳಿದ್ದೆನಲ್ಲ, ಆ ಮಾತು ವಾಪಸ್ ತಗೊಳ್ಳುತ್ತೇನೆ. ಆ ಟ್ರೇಡ್‌ನಲ್ಲಿ ಎರಡೂ ಊರಿಗೆ ಬೇಕಾದ್ದು ಸಿಕ್ಕಿತು. 2019ರಲ್ಲಿ ಅವನ ಜೆರ್ಸಿ ಮೇಲೇರಿಸಿದಾಗ ನೀವು ಅಲ್ಲಿ ಇದ್ರಾ?

ಹಿಮದೂರು:

ಇದ್ದೆ. ಮಾರ್ಚ್ 2, ಮಿನೆಸೋಟಾ ಎದುರಿನ ಪಂದ್ಯಕ್ಕೆ ಮುಂಚೆ. ಫ್ಲೇಮ್ಸ್ ಆಡುವ ಸ್ಯಾಡಲ್‌ಡೋಮ್ ಕ್ರೀಡಾಂಗಣದ ತೀರಾ ಮೇಲಿನ ಸಾಲು, ಅಲ್ಲಿಂದ ಅವನು ಬೆರಳಷ್ಟು ಕಾಣುತ್ತಿದ್ದ. ಜೊತೆಯಲ್ಲಿ ಹೆಂಡತಿ, ಮೂರು ಮಕ್ಕಳು. ಅವರಲ್ಲಿ ಟಿಜ್ ಅನ್ನುವವನನ್ನು 2024ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ಯೂಟಾ ತಂಡ ಆರನೆಯವನಾಗಿ ಆರಿಸಿತು, ಅಪ್ಪನಿಗಿಂತ ಐದು ಸ್ಥಾನ ಮುಂಚೆ. ನನ್ನ ಮಗಳಿಗೆ ಆಗ ಆರು ವರ್ಷ. 12 ಅಂತ ಬರೆದ ಬಟ್ಟೆ ನಿಧಾನಕ್ಕೆ ಮೇಲೆ ಹೋಗುತ್ತಿರುವಾಗ, "ಅಪ್ಪಾ, ಇನ್ನು ಮೇಲೆ ಆ ನಂಬರ್ ಯಾರೂ ಹಾಕಿಕೊಳ್ಳೋ ಹಾಗಿಲ್ವಾ" ಅಂತ ಕೇಳಿದಳು. ಇಲ್ಲ ಅಂದೆ. ಪಕ್ಕದ ಮನೆಯ ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಹಳೇ ಕೆಂಪು ಟೋಪಿಯನ್ನು ಅವರ ಮಗಳು ನನಗೆ ಕೊಟ್ಟಿದ್ದರು, ಅದನ್ನೇ ಹಾಕಿಕೊಂಡು ಹೋಗಿದ್ದೆ.